ಅಡ್ಡಗೆರೆಯ ಆಚೆ ಈಚೆ

ಬಸ್ಸಿನಲ್ಲೋ ಮದುವೆಮನೆಯ ಪಂಕ್ತಿಯಲ್ಲೋ ಪಕ್ಕದಲ್ಲಿ ಕೂತವರು ಯಾವೂರು ಎಂದು ಕೇಳುತ್ತಾರೆ. ಚಿಕ್ಕಮಗಳೂರು ಜಿಲ್ಲೆ ಎನ್ನುತ್ತೇನೆ. ಅದಕ್ಕೆ ಅವರು ಆಡುವ ಮಾತಿನಲ್ಲೇ ಅವರ ವಯಸ್ಸು ಗೊತ್ತಾಗಿಬಿಡುತ್ತದೆ. ಚಿಕ್ಕವರಾದರೆ ಮುಳ್ಳಯ್ಯನಗಿರಿ, ಹೋಂಸ್ಟೇ, ಟ್ರಾಫಿಕ್ ಜಾಮ್. ಅರವತ್ತು ದಾಟಿದವರಾದರೆ ಕಣ್ಣರಳಿಸಿ, 'ಓಹೋ, ಇಂದಿರಾಗಾಂಧಿ ಗೆದ್ದ ಊರು!'

ಚಿಕ್ಕವರ ಮಾತಿಗೆ ನನ್ನದೇನೂ ತಕರಾರಿಲ್ಲ. ಶನಿವಾರ, ಭಾನುವಾರ ಆ ಗಿರಿಯ ಕಡೆ ನಾನು ತಲೆ ಹಾಕಿಯೂ ಮಲಗುವುದಿಲ್ಲ. ಹಿರಿಯರ ಮಾತಿಗೆ ಮಾತ್ರ ಒಳಗೊಳಗೇ ಸಣ್ಣ ಮುನಿಸು. ಇಂದಿರಾಗಾಂಧಿ ನಮ್ಮ ಸಂಸದೆಯಾಗಿದ್ದದ್ದು ಹೆಚ್ಚುಕಡಿಮೆ ಆರು ವಾರ. ಮಲೆನಾಡಿನ ಒಂದು ಮಳೆಗಾಲದ ಅರ್ಧವೂ ಅಲ್ಲ. ಆ ಆರು ವಾರದ ನೆರಳಿನಲ್ಲಿ ಎಪ್ಪತ್ತು ವರ್ಷಗಳ ಚುನಾವಣೆಗಳು ಮುಚ್ಚಿಹೋಗಿವೆ. ನನ್ನನ್ನು ಕೇಳಿದರೆ, ನಮ್ಮ ಓಟಿನ ಹಣೆಬರಹ ಬದಲಾದದ್ದು 1978ರಲ್ಲಿ ಅಲ್ಲವೇ ಅಲ್ಲ, 2008ರಲ್ಲಿ. ಅದೂ ಯಾವ ಭಾಷಣವಿಲ್ಲದೆ, ಘೋಷಣೆಯಿಲ್ಲದೆ, ಒಂದು ನಕಾಶೆಯ ಮೇಲೆ.

ಇದನ್ನು ಹೇಳುವುದಕ್ಕೆ ನನಗೆ ಸ್ವಲ್ಪ ಹಕ್ಕಿದೆ. ನಾನು ಸರ್ಕಾರಿ ಶಾಲೆಯ ಮೇಷ್ಟರು. 1996ರಿಂದ ಈಚೆಗೆ ಎಷ್ಟು ಬೂತುಗಳಲ್ಲಿ ಕೂತಿದ್ದೇನೋ ಲೆಕ್ಕ ತಪ್ಪಿದೆ. ಮತಗಟ್ಟೆಯ ಸಾಮಾನು ಹಂಚುವ ಮಸ್ಟರಿಂಗ್ ಮೈದಾನದ ಧೂಳು, ಅದನ್ನೆಲ್ಲ ವಾಪಸು ಪಡೆಯುವ ಡಿಮಸ್ಟರಿಂಗ್ ದಿನ ರಾತ್ರಿ ಹನ್ನೊಂದಕ್ಕೆ ಸಾಲಿನಲ್ಲಿ ನಿಂತು ಕವರ್‌ಗಳನ್ನು ಒಪ್ಪಿಸುವಾಗ ಬರುವ ತೂಕಡಿಕೆ, ಎರಡೂ ಚೆನ್ನಾಗಿ ಗೊತ್ತು.

ಹಾಗಿದ್ದರೂ ಮೊದಲು 1978ಕ್ಕೇ ಹೋಗಬೇಕು. ಆ ವರ್ಷದ ಒಂದು ಜಗಳ ನಮ್ಮ ಮನೆಯಲ್ಲಿ ಮೂವತ್ತು ವರ್ಷ ನಡೆಯಿತು.

ನಮ್ಮದು ಕೊಪ್ಪಕ್ಕೂ ಬಾಳೆಹೊನ್ನೂರಿಗೂ ನಡುವಿನ ಒಂದು ಹಳ್ಳಿ. ಅಪ್ಪಯ್ಯ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಎಸ್ಟೇಟಿನ ರೈಟರ್ ಎಂದರೆ ಬರಹಗಾರನಲ್ಲ, ಆಳುಗಳ ಹಾಜರಿ ಬರೆಯುವವನು. ನನಗಾಗ ಏಳು ವರ್ಷ. ಅಕ್ಟೋಬರಿನ ಒಂದು ದಿನ ಅಮ್ಮ ನನ್ನ ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು, ಎಸ್ಟೇಟಿನ ಆಳುಗಳಿರುವ ಲೈನ್ ಮನೆಗಳ ಹೆಂಗಸರೊಂದಿಗೆ ಮುಖ್ಯರಸ್ತೆಗೆ ಹೋಗಿ ಮೂರು ಗಂಟೆ ನಿಂತು, ಕಾರಿನಲ್ಲಿ ಹೋಗುತ್ತಿದ್ದ ಇಂದಿರಾಗಾಂಧಿಯನ್ನು ಕಂಡಳು. ಇದು ಅಮ್ಮನ ವಾದ. ಅವತ್ತು ಆ ರಸ್ತೆಗೆ ಇಂದಿರಾಗಾಂಧಿ ಬರಲೇ ಇಲ್ಲ, ನೀನು ಕಂಡದ್ದು ಹಿಂದಿನ ಜೀಪಿನಲ್ಲಿ ಕೂತಿದ್ದ ಯಾರೋ ಬಿಳಿ ಸೀರೆಯವರನ್ನು ಎನ್ನುವುದು ಅಪ್ಪಯ್ಯನ ವಾದ. 'ಆ ಬಿಳಿಗೂದಲಿನ ಪಟ್ಟಿಯನ್ನು ನಾನು ನೋಡಿಲ್ಲವೇ?' ಎಂದು ಅಮ್ಮ. 'ಮಳೆ ಬರುತ್ತಿತ್ತು, ಕಾರಿನ ಗಾಜು ಮೇಲಿತ್ತು, ನಿನಗೆ ಪಟ್ಟಿ ಕಂಡಿತೇ?' ಎಂದು ಅಪ್ಪಯ್ಯ. ಹಬ್ಬಹರಿದಿನಗಳಲ್ಲಿ ನೆಂಟರು ಸೇರಿದಾಗ ಈ ಮೊಕದ್ದಮೆ ಮತ್ತೆ ಮತ್ತೆ ವಿಚಾರಣೆಗೆ ಬರುತ್ತಿತ್ತು. ಅಪ್ಪಯ್ಯ ತೀರಿಕೊಂಡ ಮೇಲೆ ವಾದಿಸುವವರಿಲ್ಲದೆ ಅಮ್ಮನ ಪರವಾಗಿ ಇತ್ಯರ್ಥವಾಗಿದೆ.

ಆ ಉಪಚುನಾವಣೆ ಯಾಕೆ ಬಂತು ಎಂಬುದು ಗೊತ್ತಿರುವವರಿಗೆ ಗೊತ್ತೇ ಇದೆ. 1977ರಲ್ಲಿ ಇಂದಿರಾ ರಾಯ್‌ಬರೇಲಿಯಲ್ಲಿ ರಾಜ್‌ನಾರಾಯಣ್ ಎದುರು 55 ಸಾವಿರ ಮತಗಳಿಂದ ಸೋತರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಹೆಸರಿಲ್ಲದಂತಾಯಿತು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ. ಜನತಾ ಪಕ್ಷಕ್ಕೆ ದಕ್ಕಿದ್ದು ಬೆಂಗಳೂರು ದಕ್ಷಿಣ ಮತ್ತು ಹಾಸನ ಎರಡೇ. 1978ರ ಜನವರಿಯಲ್ಲಿ ಪಕ್ಷ ಒಡೆಯಿತು. ಹಸು-ಕರುವಿನ ಗುರುತು ಹೋಗಿ ಹಸ್ತ ಬಂತು. ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ ದೇವರಾಜ ಅರಸು ಹೊಸ ಗುರುತಿನಲ್ಲೇ 149 ಸ್ಥಾನ ಗೆದ್ದು ತೋರಿಸಿದರು. ಸೋತ ನಾಯಕಿಗೆ ಇದಕ್ಕಿಂತ ಭದ್ರವಾದ ನೆಲ ದೇಶದಲ್ಲಿ ಇನ್ನೆಲ್ಲಿತ್ತು? ಚಿಕ್ಕಮಗಳೂರಿನಿಂದ ಎರಡು ಸಲ ಗೆದ್ದಿದ್ದ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಜಾಗ ಬಿಟ್ಟರು. ಮೂಡಿಗೆರೆ ಸೀಮೆಯ ದಾರದಹಳ್ಳಿಯವರು, ಆಗಿನ್ನೂ ತರುಣರು.

ಜನತಾ ಪಕ್ಷ ನಿಲ್ಲಿಸಿದ್ದು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು. ಅದಕ್ಕೆ ಮೊದಲು ಡಾ. ರಾಜ್‌ಕುಮಾರ್ ಅವರನ್ನೇ ನಿಲ್ಲಿಸಲು ಒತ್ತಾಯ ನಡೆದಿತ್ತು, ಅದರಿಂದ ತಪ್ಪಿಸಿಕೊಳ್ಳಲು ಅವರು ಕೆಲವು ದಿನ ಯಾರ ಕೈಗೂ ಸಿಗದಂತೆ ಇದ್ದುಬಿಟ್ಟರು ಎಂಬ ಕಥೆ ಇವತ್ತಿಗೂ ನಮ್ಮಲ್ಲಿ ಓಡಾಡುತ್ತದೆ. ನಿಂತಿದ್ದರೆ? ಈ ಪ್ರಶ್ನೆಯೊಂದರ ಮೇಲೆ ನಮ್ಮೂರ ಹೋಟೆಲಿನಲ್ಲಿ ಎಷ್ಟು ಕಾಫಿ ಖರ್ಚಾಗಿದೆಯೋ!

ಗಮನಿಸಿ, ಅಭ್ಯರ್ಥಿಗಳಿಬ್ಬರೂ ಹೊರಗಿನವರು. ಒಬ್ಬರು ಅಲಹಾಬಾದಿನವರು, ಇನ್ನೊಬ್ಬರು ಕಲಬುರಗಿ ಕಡೆಯ ಚಿಂಚೋಳಿಯವರು. ಜಾರ್ಜ್ ಫರ್ನಾಂಡಿಸ್ ಬಂದು ಠಿಕಾಣಿ ಹೂಡಿದರು. ದೆಹಲಿಯ ಪತ್ರಕರ್ತರು ಬಂದರು. ಅವರ ಜೊತೆಗೆ ಒಂದು ಘೋಷಣೆಯೂ ಬಂತು: 'ಏಕ್ ಶೇರ್‌ನಿ, ಸೌ ಲಂಗೂರ್, ಚಿಕ್‌ಮಗಳೂರ್ ಭಾಯ್ ಚಿಕ್‌ಮಗಳೂರ್.' ಒಂದು ಸಿಂಹಿಣಿ, ನೂರು ಮುಸುವಗಳು. ಹಿಂದಿಯ ಗಂಧವೇ ಇಲ್ಲದ ಊರಿಗೆ ಹಿಂದಿಯ ಘೋಷಣೆ. ಅರ್ಥ ಬಿಡಿಸಿ ಹೇಳಿದ ಮೇಲೂ ಲೈನ್ ಮನೆಯವರಿಗೆ ಅದರ ಮೊನಚು ಹತ್ತಿರಲಿಕ್ಕಿಲ್ಲ. ಸಿಂಹವನ್ನು ನಮ್ಮಲ್ಲಿ ಯಾರೂ ಕಂಡವರಿಲ್ಲ. ನೂರು ಮುಸುವಗಳು ಮಾತ್ರ ದಿನವೂ ತೋಟಕ್ಕೆ ಇಳಿದು ಬಾಳೆಗೊನೆ ಲೂಟಿ ಮಾಡುತ್ತಿದ್ದವು.

ತುರ್ತುಪರಿಸ್ಥಿತಿ ಮುಗಿದು ಎರಡು ವರ್ಷವೂ ಆಗಿರಲಿಲ್ಲ, ಅಂಥವರಿಗೆ ನಿಮ್ಮವರು ಹೇಗೆ ಓಟು ಹಾಕಿದರು ಎಂದು ಬೆಂಗಳೂರಿನ ಗೆಳೆಯರೊಬ್ಬರು ನನ್ನನ್ನು ಒಮ್ಮೆ ಕೇಳಿದ್ದರು. ನಾನು ಅವರಿಗೆ ಅಮ್ಮನ ತವರುಮನೆಯ ಕಥೆ ಹೇಳಿದೆ. ಅವರು ಗೇಣಿದಾರರು. ಗದ್ದೆ ಒಡೆಯರದು, ದುಡಿಮೆ ಇವರದು, ಬೆಳೆದದ್ದರಲ್ಲಿ ದೊಡ್ಡ ಪಾಲು ಒಡೆಯರ ಕಣಜಕ್ಕೆ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಉಳುವ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಅಜ್ಜ 7ನೇ ನಮೂನೆ ತುಂಬಿಸಿ ಡಿಕ್ಲರೇಷನ್ ಕೊಟ್ಟರು. ಕೊಟ್ಟ ದಿನದಿಂದ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಒಡೆಯರ ಮನೆಯ ಮುಂದೆ ಹಾದು ಹೋಗುವುದು ಹೇಗೆ, ಮದುವೆ ಮುಂಜಿಗೆ ಕರೆದರೆ ಯಾವ ಮುಖ ಹೊತ್ತು ಹೋಗುವುದು? ಕೊನೆಗೆ ಭೂ ನ್ಯಾಯಮಂಡಳಿಯಲ್ಲಿ ಅಜ್ಜನ ಹೆಸರು ಕೂಗಿದಾಗ ಅವರು ಒಳಗೆ ಹೋಗುವ ಮುನ್ನ ಚಪ್ಪಲಿಯನ್ನು ಹೊರಗೇ ಬಿಟ್ಟರಂತೆ, ದೇವಸ್ಥಾನಕ್ಕೆ ಹೋಗುವವರ ಹಾಗೆ. ಎರಡು ಎಕರೆ ಗದ್ದೆ ಅವರ ಹೆಸರಿಗಾಯಿತು.

ನ್ಯಾಯಮಂಡಳಿಗಳು ಭರದಿಂದ ನಡೆದ ಕಾಲವೂ ತುರ್ತುಪರಿಸ್ಥಿತಿಯ ಕಾಲವೂ ಒಂದೇ. ದೆಹಲಿಯವರಿಗೆ ಆ ವರ್ಷಗಳು ಎಂದರೆ ಜೈಲು ಮತ್ತು ಸೆನ್ಸಾರ್. ಅಜ್ಜನಿಗೆ ಆ ವರ್ಷಗಳು ಎಂದರೆ ಒಂದು ಪಹಣಿ ಪತ್ರಿಕೆ. ಪತ್ರಿಕೆಗಳ ಬಾಯಿ ಕಟ್ಟಿದ್ದು ತಪ್ಪೇ. ಅಜ್ಜ ಪತ್ರಿಕೆ ಓದುವವರಾಗಿರಲಿಲ್ಲ, ಅಷ್ಟೆ. ಅವರ ಮಟ್ಟಿಗೆ ಗದ್ದೆ ಕೊಡಿಸಿದವರು ಅರಸು, ಅರಸರನ್ನು ಕೂರಿಸಿದವರು ಇಂದಿರಮ್ಮ, ಇಂದಿರಮ್ಮ ಬಾಗಿಲಿಗೆ ಬಂದು ಕೇಳುತ್ತಿದ್ದಾರೆ. ಇದರಲ್ಲಿ ಯೋಚಿಸುವುದೇನಿದೆ?

ಅಪ್ಪಯ್ಯನ ಲೆಕ್ಕ ಬೇರೆ ಇತ್ತು. ಕಾಫಿಯಂಥ ಪ್ಲಾಂಟೇಷನ್ ಬೆಳೆಗಳಿಗೆ ಆ ಕಾಯ್ದೆಯ ಭೂಮಿತಿಯಿಂದ ವಿನಾಯಿತಿ ಇತ್ತು. ಗದ್ದೆಯ ಒಕ್ಕಲು ಒಡೆಯನಾದ, ಎಸ್ಟೇಟಿನ ಆಳು ಆಳಾಗಿಯೇ ಉಳಿದ. ಒಂದೇ ಬೇಲಿಯ ಆಚೆ ಕ್ರಾಂತಿ, ಈಚೆ ಅದೇ ಹಾಜರಿ ಪುಸ್ತಕ. ಆ ಪುಸ್ತಕ ಬರೆಯುವ ಕೈಯೇ ಅಪ್ಪಯ್ಯನದು. ಅವರು ವೀರೇಂದ್ರ ಪಾಟೀಲರಿಗೆ ಓಟು ಹಾಕಿದರು ಎಂದು ನನ್ನ ಗುಮಾನಿ. ಬಾಯಿಬಿಟ್ಟು ಯಾವತ್ತೂ ಹೇಳಲಿಲ್ಲ. ಇಂದಿರಾಗಾಂಧಿ ಆ ರಸ್ತೆಗೆ ಬರಲೇ ಇಲ್ಲ ಎಂದು ಅಷ್ಟು ಹಟ ಹಿಡಿದದ್ದಕ್ಕೂ ಇದೇ ಕಾರಣವಿರಬಹುದು.

ನವೆಂಬರಿನಲ್ಲಿ ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡಿಸೆಂಬರ್ 19ರಂದು ಲೋಕಸಭೆ ಹಕ್ಕುಚ್ಯುತಿಯ ಆರೋಪದ ಮೇಲೆ ಅವರ ಸದಸ್ಯತ್ವವನ್ನೇ ಕಿತ್ತುಹಾಕಿ ತಿಹಾರ್ ಜೈಲಿಗೆ ಕಳುಹಿಸಿತು. ಮರುದಿನ ಇಬ್ಬರು ಹುಂಬರು ಆಟಿಕೆ ಪಿಸ್ತೂಲು ತೋರಿಸಿ ವಿಮಾನವೊಂದನ್ನು ವಾರಾಣಸಿಗೆ ಅಪಹರಿಸಿ, ಅವರನ್ನು ಬಿಡಿ ಎಂದು ಪಟ್ಟು ಹಿಡಿದರು. ಒಂದು ವಾರದಲ್ಲಿ ಬಿಡುಗಡೆಯಾಯಿತು. ಓಟು ಹಾಕಿದವರ ಬೆರಳಿನ ಶಾಯಿ ಮಾಸುವಷ್ಟರಲ್ಲಿ ನಮಗೆ ಸಂಸದರೇ ಇಲ್ಲ.

ಆಮೇಲೆ ಆದದ್ದನ್ನು ಯಾರೂ ಹೇಳುವುದಿಲ್ಲ. 1980ರ ಮಹಾಚುನಾವಣೆಯಲ್ಲಿ ಇಂದಿರಾ ರಾಯ್‌ಬರೇಲಿಯಲ್ಲೂ ಆಂಧ್ರದ ಮೆದಕ್‌ನಲ್ಲೂ ನಿಂತು ಎರಡರಲ್ಲೂ ಗೆದ್ದು ಮೆದಕ್ ಉಳಿಸಿಕೊಂಡರು. ಚಿಕ್ಕಮಗಳೂರಿಗೆ ಮರಳಲಿಲ್ಲ. ಅವರನ್ನು ಇಲ್ಲಿಗೆ ಕರೆತಂದ ಅರಸು 1979ರಲ್ಲೇ ಅವರಿಂದ ಬೇರೆಯಾಗಿದ್ದರು. ಆ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 27 ಇಂದಿರಾ ಪಾಲಾಗಿ ಅರಸರ ಪಕ್ಷ ನೆಲ ಕಚ್ಚಿತು. ಎದುರಾಳಿಯಾಗಿದ್ದ ವೀರೇಂದ್ರ ಪಾಟೀಲರು ಇಂದಿರಾ ಪಕ್ಷ ಸೇರಿ ಬಾಗಲಕೋಟೆಯಿಂದ ಗೆದ್ದು ಅವರದೇ ಸಂಪುಟದಲ್ಲಿ ಸಚಿವರಾದರು. ಗೆಲ್ಲಿಸಿದವರು ಹೊರಗೆ, ಸೋತವರು ಒಳಗೆ! ಅಜ್ಜನಿಗೆ ಇದನ್ನೆಲ್ಲ ವಿವರಿಸಲು ಅಪ್ಪಯ್ಯ ಒಂದು ಸಂಜೆ ಪ್ರಯತ್ನಪಟ್ಟರಂತೆ. ಅಜ್ಜ ಎಲ್ಲ ಕೇಳಿಕೊಂಡು, 'ಗದ್ದೆ ವಾಪಸು ಕೇಳುವುದಿಲ್ಲ ತಾನೇ?' ಎಂದು ಕೇಳಿ ಎದ್ದುಹೋದರು.

ಈಗ ಆ ನೆರಳಿನಿಂದ ಆಚೆ ಬರೋಣ. 1952ರ ಮೊದಲ ಚುನಾವಣೆಯಲ್ಲಿ ಚಿಕ್ಕಮಗಳೂರು ಎಂಬ ಲೋಕಸಭಾ ಕ್ಷೇತ್ರವೇ ಇರಲಿಲ್ಲ. ಹಾಸನ–ಚಿಕ್ಕಮಗಳೂರು ಎಂಬ ಜಂಟಿ ಹೆಸರಿನಲ್ಲಿ ಎಚ್. ಸಿದ್ದನಂಜಪ್ಪ ಕಾಂಗ್ರೆಸ್ಸಿನಿಂದ ಗೆದ್ದಿದ್ದರು. ಚಿಕ್ಕಮಗಳೂರಿನ ಹೆಸರು ಒಂಟಿಯಾಗಿ ನಿಂತದ್ದು 1967ರಲ್ಲಿ. ಆ ಮೊದಲ ಸಲವೇ ನಮ್ಮವರು ಆರಿಸಿದ್ದು ಕಾಂಗ್ರೆಸ್ಸನ್ನಲ್ಲ, ಪ್ರಜಾ ಸೋಷಲಿಸ್ಟ್ ಪಕ್ಷದ ಎಂ. ಹುಚ್ಚೇಗೌಡರನ್ನು. ಪಕ್ಕದ ತೀರ್ಥಹಳ್ಳಿ ಸೀಮೆಯಲ್ಲಿ ಶಾಂತವೇರಿ ಗೋಪಾಲಗೌಡರು ಎಬ್ಬಿಸಿದ್ದ ಸಮಾಜವಾದದ ಗಾಳಿ ಘಟ್ಟದ ಈ ಮೂಲೆಗೂ ಬೀಸಿತ್ತು. 1971ರಲ್ಲಿ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನವೂ ಇಂದಿರಾ ಕಾಂಗ್ರೆಸ್ಸಿಗೆ ಹೋದಾಗ ನಮ್ಮದೂ ಹೋಯಿತು.

1980ರಿಂದ 1991ರವರೆಗಿನದು ಬೇಗ ಹೇಳಿ ಮುಗಿಸಬಹುದಾದ ಕಾಲ. ಡಿ.ಎಂ. ಪುಟ್ಟೇಗೌಡ, ಡಿ.ಕೆ. ತಾರಾದೇವಿ, ಮತ್ತೆ ಪುಟ್ಟೇಗೌಡ, ಮತ್ತೆ ತಾರಾದೇವಿ. ಎಲ್ಲರೂ ಕಾಂಗ್ರೆಸ್. ಹಸ್ತಕ್ಕೆ ಓಟು ಹಾಕುವುದು ದೀಪ ಹಚ್ಚುವಷ್ಟು ರೂಢಿಯಾಗಿತ್ತು. ಇಂದಿರಾ, ತಾರಾದೇವಿ, ಮುಂದೆ ಶೋಭಾ ಕರಂದ್ಲಾಜೆ, ಹೀಗೆ ಮೂವರು ಮಹಿಳೆಯರನ್ನು ಲೋಕಸಭೆಗೆ ಕಳಿಸಿದ ಕ್ಷೇತ್ರ ಎಂದು ಯಾರೂ ನಮ್ಮನ್ನು ಹೊಗಳಿದ್ದು ನಾನು ಕೇಳಿಲ್ಲ. ಅದನ್ನೂ ಒಂದು ಮಾತು ಹೇಳಬಹುದಿತ್ತು.

ನನ್ನ ಮೊದಲ ಚುನಾವಣಾ ಕರ್ತವ್ಯ 1996ರದು. ದೇವೇಗೌಡರ ಹವಾ ಇದ್ದ ವರ್ಷ, ಜನತಾದಳದ ಬಿ.ಎಲ್. ಶಂಕರ್ ಗೆದ್ದರು. ಮೂಡಿಗೆರೆ ಕಡೆಯ ಎಸ್ಟೇಟ್ ಪಕ್ಕದ ಶಾಲೆಯೊಂದರಲ್ಲಿ ನನ್ನ ಬೂತು. ಆಗ ಮತಪತ್ರ, ಮೊಹರು, ತಗಡಿನ ಪೆಟ್ಟಿಗೆ. ಮತಪತ್ರವನ್ನು ಮಡಿಸುವುದಕ್ಕೂ ಒಂದು ಶಾಸ್ತ್ರವಿತ್ತು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ತಪ್ಪಿ ಮಡಿಸಿದರೆ ಹಸಿ ಶಾಯಿ ಎದುರು ಸಾಲಿನ ಗುರುತಿನ ಮೇಲೂ ಅಚ್ಚೊತ್ತಿ, ಎಣಿಸುವ ದಿನ ಜಗಳಕ್ಕೆ ಮೂಲ. ಮತಪತ್ರ ಕೊಡುವಾಗಲೆಲ್ಲ ನಾನು ಮಡಿಸಿ, ಬಿಚ್ಚಿ ತೋರಿಸುತ್ತಿದ್ದೆ. ಒಬ್ಬ ಮುದುಕ ಮರೆಯ ಹಿಂದೆ ಹೋದವನು ಐದು ನಿಮಿಷವಾದರೂ ಬರಲಿಲ್ಲ. ಟಪ್, ಟಪ್, ಟಪ್ ಎಂದು ಮೊಹರಿನ ಸದ್ದು ಮಾತ್ರ ಬರುತ್ತಿತ್ತು. ಏಜೆಂಟರು ಮುಖ ಮುಖ ನೋಡಿಕೊಂಡರು. ಹೊರಗೆ ಬಂದವನು ಮತಪತ್ರವನ್ನು ಪೆಟ್ಟಿಗೆಗೆ ಹಾಕಿ, ಕೈಮುಗಿದು, 'ಯಾರಿಗೂ ಬೇಜಾರು ಬೇಡ ಎಂದು ಎಲ್ಲರಿಗೂ ಒಂದೊಂದು ಒತ್ತಿದ್ದೇನೆ' ಎಂದ. ಇಂಥ ಮತಕ್ಕೆ ನಮ್ಮ ಪತ್ರಿಕೆಗಳಲ್ಲಿ 'ಕುಲಗೆಟ್ಟ ಮತ' ಎಂದು ಹೆಸರು. ಎಲ್ಲ ಕುಲದವರಿಗೂ ಸಮನಾಗಿ ಹಂಚಿದವನ ಓಟು ಕುಲಗೆಟ್ಟದ್ದು! ಈ ಪದವನ್ನು ಕಟ್ಟಿದ ಪುಣ್ಯಾತ್ಮರಿಗೆ ನಗುವ ಬುದ್ಧಿ ಇದ್ದಿರಬೇಕು.

ಎರಡೇ ವರ್ಷದಲ್ಲಿ, 1998ರಲ್ಲಿ, ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ ಗೆದ್ದರು. 1999, 2004ರಲ್ಲೂ ಅವರೇ. ಇದಕ್ಕೆ ಬಾಬಾಬುಡನ್‌ಗಿರಿಯ ದತ್ತಪೀಠದ ವಿವಾದವೊಂದನ್ನೇ ಕಾರಣ ಮಾಡಿ ಬರೆಯುವವರಿದ್ದಾರೆ. ಆ ವಿವಾದ ಜಿಲ್ಲೆಯ ರಾಜಕೀಯಕ್ಕೆ ಹೊಸ ಭಾಷೆ ಕಲಿಸಿದ್ದು ನಿಜ. ಆದರೆ ಬೂತಿನಲ್ಲಿ ಕೂತ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಡಿಕ್ಲರೇಷನ್ ಕೊಟ್ಟ ತಲೆಮಾರು ಸಾಲಿನಲ್ಲಿ ಕಡಿಮೆಯಾಗುತ್ತ ಬಂದಿತ್ತು. ಅಜ್ಜ 1990ರ ದಶಕದ ನಡುವಿನಲ್ಲಿ ತೀರಿಕೊಂಡರು. ಅವರ ಎರಡು ಎಕರೆಯನ್ನು ಹಂಚಿಕೊಂಡ ನನ್ನ ಸೋದರಮಾವಂದಿರಿಗೆ ಗದ್ದೆ ಯಾರಿಂದ ಬಂತು ಎಂಬುದು ನೆನಪೇ ಹೊರತು ಋಣವಲ್ಲ. ಅವರ ಮಕ್ಕಳಿಗೆ ನೆನಪೂ ಅಲ್ಲ. ಇತ್ತ ಬೆಳೆದ ಕಾಫಿಯನ್ನು ಬೋರ್ಡಿಗೇ ಒಪ್ಪಿಸಬೇಕಿದ್ದ ಕಾಫಿ ಬೋರ್ಡಿನ ಪೂಲಿಂಗ್ ಪದ್ಧತಿ 1996ರ ಹೊತ್ತಿಗೆ ಪೂರ್ತಿ ಹೋಗಿ, ಬೆಳೆಗಾರರು ಮುಕ್ತ ಮಾರುಕಟ್ಟೆಗೆ ಬಿದ್ದಿದ್ದರು. ಮೊದಲೆರಡು ವರ್ಷ ಕೈತುಂಬ ಹಣ. 2000ದ ಆಚೆ ಬೆಲೆ ಬಿದ್ದಾಗ ಸಣ್ಣ ಬೆಳೆಗಾರರ ಸೊಂಟವೇ ಮುರಿಯಿತು. ಎಲ್ಲರೂ ಹೊಸದಾಗಿ ಯಾರನ್ನಾದರೂ ನಂಬಲು ಕಾಯುತ್ತಿದ್ದ ಕಾಲ ಅದು.

ಬಂತು 2008. ಕ್ಷೇತ್ರ ಪುನರ್ವಿಂಗಡಣೆ. ಬೀರೂರು ವಿಧಾನಸಭಾ ಕ್ಷೇತ್ರ ಅಳಿಸಿಹೋಯಿತು. ಕಡೂರು ಹಾಸನಕ್ಕೆ ಸೇರಿತು. ಉಳಿದ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಗಳನ್ನು ಕುಂದಾಪುರ, ಉಡುಪಿ, ಕಾಪು, ಕಾರ್ಕಳಗಳ ಜೊತೆ ಕಟ್ಟಿ ಉಡುಪಿ–ಚಿಕ್ಕಮಗಳೂರು ಎಂದು ಹೆಸರಿಟ್ಟರು. 41 ವರ್ಷ ಒಂಟಿಯಾಗಿದ್ದ ಹೆಸರಿಗೆ ಮತ್ತೆ ಅಡ್ಡಗೆರೆ ಬಂತು, ನಾವು ಅದರ ಬಲಗಡೆಗೆ ಬಂದೆವು. ಹಾಗೆಂದು ಉಡುಪಿಯವರು ಸುಖವಾಗಿದ್ದಾರೆ ಎಂದಲ್ಲ. ಅವರ ಬೈಂದೂರು ಶಿವಮೊಗ್ಗದ ಪಾಲಾಗಿದೆ. ಆಸ್ಕರ್ ಫರ್ನಾಂಡಿಸ್ ಅವರನ್ನು ಸತತ ಐದು ಸಲ ಗೆಲ್ಲಿಸಿದ್ದ ಉಡುಪಿಗೂ ತನ್ನದೇ ಒಂಟಿ ಹೆಸರು ಇತ್ತು.

ಈ ಕ್ಷೇತ್ರದ ಒಂದು ತುದಿ ತರೀಕೆರೆಯ ಬಯಲು, ಇನ್ನೊಂದು ತುದಿ ಕುಂದಾಪುರದ ಕಡಲು. ನಡುವೆ ಪಶ್ಚಿಮಘಟ್ಟ ನಿಂತಿದೆ. ಆಗುಂಬೆ ಘಾಟಿಯಲ್ಲಿ ಇಳಿದರೆ ದಾರಿ ಶಿವಮೊಗ್ಗ ಕ್ಷೇತ್ರವನ್ನು ಹಾಯುತ್ತದೆ, ಚಾರ್ಮಾಡಿಯಲ್ಲಿ ಇಳಿದರೆ ದಕ್ಷಿಣ ಕನ್ನಡ ಕ್ಷೇತ್ರಕ್ಕೆ ಬೀಳುತ್ತೀರಿ. ಸ್ವಂತ ಕ್ಷೇತ್ರದೊಳಗೇ ಇಳಿಯಬೇಕೆಂದರೆ ಶೃಂಗೇರಿಯಿಂದ ಕೆರೆಕಟ್ಟೆ ಮೇಲೆ ಕುದುರೆಮುಖದ ಕಾಡಿನೊಳಗೆ ಹಾದು ಮಾಳಕ್ಕೆ ಇಳಿಯುವ ರಸ್ತೆ ಹಿಡಿಯಬೇಕು. ಆ ಕಾಡಿನ ನಡುವೆ ಒಂದು ಕೂಡುರಸ್ತೆಗೆ ಎಸ್.ಕೆ. ಬಾರ್ಡರ್ ಎಂದು ಹೆಸರು. ಸೌತ್ ಕೆನರಾ ಬಾರ್ಡರ್. ಬ್ರಿಟಿಷರ ಜಿಲ್ಲೆಗೂ ಮೈಸೂರು ಸಂಸ್ಥಾನಕ್ಕೂ ಗಡಿಯಾಗಿದ್ದ ಜಾಗ. ಬ್ರಿಟಿಷರು ಹೋದರು, ಸಂಸ್ಥಾನ ಹೋಯಿತು, ಸೌತ್ ಕೆನರಾ ಎಂಬ ಹೆಸರೂ ಹೋಯಿತು. ಬಸ್ಸಿನ ಕಂಡಕ್ಟರ್ ಮಾತ್ರ ಇವತ್ತಿಗೂ 'ಬಾರ್ಡರ್, ಬಾರ್ಡರ್' ಎಂದು ಕೂಗುತ್ತಾನೆ. ಒಂದೇ ಕ್ಷೇತ್ರದ ಹೊಟ್ಟೆಯೊಳಗೆ ಬಾರ್ಡರ್ ಎಂಬ ಊರು.

ಹಳೆಯ ಕ್ಷೇತ್ರದಲ್ಲೂ ಘಟ್ಟದ ಕೆಳಗಿನ ಸ್ವಲ್ಪ ಭಾಗ ಇತ್ತು, ನಿಜ. ಆಗ ತಕ್ಕಡಿ ಮೇಲಿನ ಕಡೆಗೆ ವಾಲುತ್ತಿತ್ತು. ಈಗ ನಾಲ್ಕು ಮೇಲೆ, ನಾಲ್ಕು ಕೆಳಗೆ. ಕಾಗದದ ಮೇಲೆ ಸಮ. ಆದರೆ 2009ರಿಂದ ಗೆದ್ದವರ ಹೆಸರು ಹಿಡಿದು ನೋಡಿ. ಡಿ.ವಿ. ಸದಾನಂದಗೌಡರು ಸುಳ್ಯ ಕಡೆಯವರು. 2012ರ ಉಪಚುನಾವಣೆಯಲ್ಲಿ ಗೆದ್ದ ಕೆ. ಜಯಪ್ರಕಾಶ್ ಹೆಗ್ಡೆ ಕುಂದಾಪುರ ಕಡೆಯವರು. 2014, 2019ರ ಶೋಭಾ ಕರಂದ್ಲಾಜೆ ಪುತ್ತೂರು ಸೀಮೆಯವರು. 2024ರ ಕೋಟ ಶ್ರೀನಿವಾಸ ಪೂಜಾರಿಯವರ ಊರು ಅವರ ಹೆಸರಿನಲ್ಲೇ ಇದೆ. ಘಟ್ಟದ ಮೇಲಿನವರು ಒಬ್ಬರೂ ಇಲ್ಲ. ನನಗೆ ಇವರಲ್ಲಿ ಯಾರ ಮೇಲೂ ವೈಯಕ್ತಿಕ ದೂರಿಲ್ಲ. ಅಡಿಕೆಯ ಹಳದಿ ಎಲೆ ರೋಗ ಎಂದರೆ ಶೃಂಗೇರಿ, ಕೊಪ್ಪದವರಿಗೆ ಹೊಟ್ಟೆಯೊಳಗೆ ಆಗುವ ಸಂಕಟ, ಆನೆ ಬಂತು ಎಂದರೆ ಮೂಡಿಗೆರೆಯವರಿಗೆ ರಾತ್ರಿ ನಿದ್ದೆ ಹೋಗುವ ಪರಿ, ಇವೆಲ್ಲ ಮೀನುಗಾರಿಕೆಯ ಬಂದರಿನ ಮೊರೆ ಕೇಳಿ ಬೆಳೆದವರಿಗೆ ತಾನಾಗಿ ತಿಳಿಯುವಂಥದ್ದಲ್ಲ. ಅವರ ಕಡಲಕೊರೆತ ನಮಗೂ ತಿಳಿಯದು.

ಇಲ್ಲೊಂದು ತಮಾಷೆ ಇದೆ. ಜಾಗ ಬಿಟ್ಟುಕೊಟ್ಟಿದ್ದ ಡಿ.ಬಿ. ಚಂದ್ರೇಗೌಡರು ಮುಂದೆ ಹಲವು ಪಕ್ಷ ಕಂಡು, ವಿಧಾನಸಭೆಯ ಸಭಾಧ್ಯಕ್ಷರಾಗಿ, 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದಲ್ಲಿ ಗೆದ್ದರು. 2014ರಲ್ಲಿ ಅದೇ ಬೆಂಗಳೂರು ಉತ್ತರಕ್ಕೆ ನಮ್ಮ ಸದಾನಂದಗೌಡರು ಹೋದರು, ಗೆದ್ದು ರೈಲ್ವೆ ಸಚಿವರೂ ಆದರು. 2019ರಲ್ಲೂ ಅವರೇ. 2024ರಲ್ಲಿ ಶೋಭಾ ಕರಂದ್ಲಾಜೆಯವರೂ ಅಲ್ಲಿಗೇ ಹೋಗಿ ಗೆದ್ದರು. ಅಂದರೆ 2009ರಿಂದ ಇಲ್ಲಿಯವರೆಗೆ ಬೆಂಗಳೂರು ಉತ್ತರದ ಸಂಸದರೆಲ್ಲ ನಮ್ಮ ಮಾಜಿಗಳೇ. ಚಿಕ್ಕಮಗಳೂರು ಕ್ಷೇತ್ರ ಬೆಂಗಳೂರು ಉತ್ತರಕ್ಕೆ ಸಸಿ ಬೆಳೆಸಿಕೊಡುವ ನರ್ಸರಿ ಎಂದು ನಮ್ಮ ಶಾಲೆಯ ದೈಹಿಕ ಶಿಕ್ಷಕರು ಹೇಳುವುದುಂಟು. ರೈಲಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಇಂದಿರಾಗಾಂಧಿಯನ್ನು ಲೋಕಸಭೆಗೆ ಕಳಿಸಿದ ಚಿಕ್ಕಮಗಳೂರು ಪಟ್ಟಣಕ್ಕೆ ಕಡೂರಿನಿಂದ ರೈಲು ಬಂದದ್ದು 2013ರಲ್ಲಿ, ಮೂವತ್ತೈದು ವರ್ಷ ಕಳೆದ ಮೇಲೆ.

2014ರಲ್ಲಿ ನನ್ನ ಕರ್ತವ್ಯ ಕಡೂರಿಗೆ ಬಿತ್ತು. ಜಿಲ್ಲೆ ನಮ್ಮದು, ಲೋಕಸಭಾ ಕ್ಷೇತ್ರ ಹಾಸನ. ನಮ್ಮ ಜಿಲ್ಲಾಡಳಿತದ ಜೀಪಿನಲ್ಲಿ ಹೋಗಿ, ನಮ್ಮದೇ ಜಿಲ್ಲೆಯ ಶಾಲೆಯಲ್ಲಿ ಕೂತು, ದೇವೇಗೌಡರು ನಿಂತಿದ್ದ ಕ್ಷೇತ್ರಕ್ಕೆ ದಿನವಿಡೀ ಮತದಾನ ಮಾಡಿಸಿದೆ. ನನ್ನ ಓಟು ಅಂಚೆ ಮತಪತ್ರವಾಗಿ ಲಕೋಟೆಯೊಳಗೆ ಘಟ್ಟದಾಚೆ ಹೋಯಿತು. ರಾತ್ರಿ ಮತಯಂತ್ರದ ಕಂಟ್ರೋಲ್ ಯೂನಿಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ, ಸಿದ್ದನಂಜಪ್ಪನವರ ಕಾಲದ ಹಾಸನ–ಚಿಕ್ಕಮಗಳೂರು ಎಲ್ಲೂ ಹೋಗಿಲ್ಲ, ಅದರ ಒಂದು ಚೂರು ಇಲ್ಲೇ ಉಳಿದಿದೆ ಅನ್ನಿಸಿತು.

ಕರಾವಳಿಯವರೇ ನಮ್ಮ ಸಂಸದರನ್ನು ನಿರ್ಧರಿಸುತ್ತಾರೆ ಎಂದು ಗೊಣಗುವುದು ನಮ್ಮಲ್ಲಿ ಸುಲಭದ ಕೆಲಸ. ನಾನೂ ಗೊಣಗಿದ್ದೇನೆ. ಆದರೆ 2012ರಲ್ಲಿ, ಸದಾನಂದಗೌಡರು ಮುಖ್ಯಮಂತ್ರಿಯಾಗಿ ತೆರವು ಮಾಡಿದ್ದ ಜಾಗದಲ್ಲಿ ಅವರದೇ ಪಕ್ಷ 45 ಸಾವಿರ ಮತಗಳಿಂದ ಸೋತಿತು. 2014ರಲ್ಲಿ ಅದೇ ಪಕ್ಷ 1.81 ಲಕ್ಷದಿಂದ ಗೆದ್ದಿತು, 2019ರಲ್ಲಿ 3.49 ಲಕ್ಷದಿಂದ. 2023ರ ವಿಧಾನಸಭಾ ಚುನಾವಣೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದೂ ಕಾಂಗ್ರೆಸ್, ಉಡುಪಿ ಜಿಲ್ಲೆಯ ಐದಕ್ಕೆ ಐದೂ ಬಿಜೆಪಿ. ಘಟ್ಟದ ಗೆರೆ ಅಷ್ಟು ಸ್ಪಷ್ಟವಾಗಿ ಕಂಡದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ. ನಮ್ಮ ಶೃಂಗೇರಿಯಲ್ಲಂತೂ ಅಂತರ 201 ಮತ. ಒಂದೇ ವರ್ಷದಲ್ಲಿ, 2024ರಲ್ಲಿ, ಲೋಕಸಭೆಗೆ ಬಿಜೆಪಿಗೆ 2.59 ಲಕ್ಷದ ಗೆಲುವು. ಇಷ್ಟು ದೊಡ್ಡ ಅಂತರವನ್ನು ಕೆಳಗಿನವರ ತಲೆಗೇ ಕಟ್ಟಿದರೆ ನನಗೆ ನಾನೇ ಮೋಸ ಮಾಡಿಕೊಂಡಂತೆ. ಬೆಂಗಳೂರಿಗೊಂದು ಲೆಕ್ಕ, ದೆಹಲಿಗೊಂದು ಲೆಕ್ಕ ಇಟ್ಟುಕೊಂಡು ಓಟು ಹಾಕುವವರು ನನ್ನ ಬೀದಿಯಲ್ಲೇ ಇದ್ದಾರೆ. ನನ್ನ ಕೊರಗು ಓಟಿನದಲ್ಲ, ಟಿಕೆಟಿನದು. ಆ ಸಲ ಎರಡು ದೊಡ್ಡ ಪಕ್ಷಗಳ ಹುರಿಯಾಳುಗಳಿಬ್ಬರೂ, ಪೂಜಾರಿಯವರೂ ಹೆಗ್ಡೆಯವರೂ, ಉಡುಪಿ ಜಿಲ್ಲೆಯವರು. ಮೇಲಿನ ನಾಲ್ಕು ತುಂಡುಗಳಲ್ಲಿ ಒಬ್ಬರೂ ಅವರ ಕಣ್ಣಿಗೆ ಬೀಳಲಿಲ್ಲ.

2024ರಲ್ಲಿ 85 ದಾಟಿದವರಿಗೆ ಮನೆಯಲ್ಲೇ ಮತದಾನದ ಅವಕಾಶ ಇತ್ತು. ಅಮ್ಮನಿಗೆ 86. ಏಪ್ರಿಲಿನ ಒಂದು ಬೆಳಿಗ್ಗೆ, ಮತದಾನದ ದಿನಕ್ಕೆ ಇನ್ನೂ ಕೆಲವು ದಿನ ಇರುವಾಗಲೇ, ನಮ್ಮ ಅಂಗಳಕ್ಕೆ ಜೀಪು ಬಂತು. ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸ್, ವಿಡಿಯೋ ತೆಗೆಯುವ ಹುಡುಗ. ರಟ್ಟಿನ ಮರೆಯೊಂದನ್ನು ನಮ್ಮ ಊಟದ ಮೇಜಿನ ಮೇಲೆ ನಿಲ್ಲಿಸಿದರು. ನಾನು ಎಷ್ಟೋ ಬೂತುಗಳಲ್ಲಿ ನಿಲ್ಲಿಸಿದ ಮರೆ ಅದು. ಈಗ ನನ್ನನ್ನೇ ಹೊರಗೆ ಹೋಗಿ ಎಂದರು. ಜಗಲಿಯಲ್ಲಿ ನಿಂತೆ.

ಕಾಗದದ ಮತಪತ್ರ ಕಂಡು ಅಮ್ಮನಿಗೆ ಖುಷಿಯಾಯಿತು. ಯಂತ್ರ ಬಂದ ಮೇಲೆ ಓಟು ಹಾಕಿದ ಹಾಗೆಯೇ ಆಗುವುದಿಲ್ಲ, ಬೀಪ್ ಎಂದರೆ ಮುಗಿಯಿತು ಎಂದು ಅವಳ ದೂರು. ಕನ್ನಡಕ ಒರೆಸಿಕೊಂಡು ಮೇಲಿನಿಂದ ಕೆಳಗೆ ಓದಿದಳು. ಒಳಗಿನಿಂದ ಅವಳ ಧ್ವನಿ ಕೇಳಿಸಿತು.

'ಇವರಲ್ಲಿ ಘಟ್ಟದ ಮೇಲಿನವರು ಯಾರಪ್ಪಾ?'

'ಅಜ್ಜೀ, ಅದನ್ನೆಲ್ಲ ನಾವು ಹೇಳುವಂತಿಲ್ಲ' ಎಂದರು ಅಧಿಕಾರಿ. ಪಾಪ, ನಿಯಮ ಹಾಗಿದೆ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

'ಯಾರೂ ಇಲ್ಲ ಎನ್ನಿ' ಎಂದಳು ಅಮ್ಮ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಪೆನ್ನು ಮೇಜಿಗೆ ತಾಗಿದ ಸದ್ದು, ಕಾಗದ ಮಡಿಸಿದ ಸದ್ದು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಿದಳಂತೆ. ಅಜ್ಜಿ ಹೇಳಿಸಿಕೊಳ್ಳದೆಯೇ ಸರಿಯಾಗಿ ಮಡಿಸಿದರು ಎಂದು ಅಧಿಕಾರಿ ಹೊರಗೆ ಬಂದು ಮೆಚ್ಚಿಕೊಂಡರು. ಮತಪತ್ರ ಸಣ್ಣ ಲಕೋಟೆಯೊಳಗೆ, ಅದು ಇನ್ನೊಂದು ಲಕೋಟೆಯೊಳಗೆ ಹೋಯಿತು.

ಅಷ್ಟರಲ್ಲಿ ನನ್ನ ಹೆಂಡತಿ ತಟ್ಟೆಯಲ್ಲಿ ಕಾಫಿ ತಂದಳು. ನಾಲ್ವರೂ ಒಟ್ಟಿಗೆ ಕೈಯಾಡಿಸಿ ಬೇಡ ಎಂದರು. ಮತದಾರರ ಮನೆಯಲ್ಲಿ ಏನನ್ನೂ ಮುಟ್ಟಬಾರದು ಎಂದು ಅವರಿಗೆ ಕಟ್ಟಪ್ಪಣೆ. ಕಾಫಿ ಸೀಮೆಯಲ್ಲಿ ಕಾಫಿ ಬೇಡ ಎಂದವರನ್ನು ಅಮ್ಮ ಜನ್ಮದಲ್ಲಿ ಕಂಡವಳಲ್ಲ.

'ಇಂದಿರಾಗಾಂಧಿ ಬಂದಾಗ ಕಾರು ನಿಲ್ಲಿಸಲಿಲ್ಲ, ನೀವು ನಿಲ್ಲಿಸಿಯೂ ಕುಡಿಯುವುದಿಲ್ಲ' ಎಂದಳು. ವಿಡಿಯೋ ಹುಡುಗನಿಗೆ ನಗು ತಡೆಯಲಾಗಲಿಲ್ಲ. ಅವರಿಗೆ ಇನ್ನೂ ಏಳು ಮನೆ ಬಾಕಿ ಇತ್ತು. ಜೀಪು ತಿರುಗಿಸಿಕೊಂಡು ಹೋದರು. ನಾಲ್ಕು ಲೋಟ ಕಾಫಿಯಲ್ಲಿ ಎರಡನ್ನು ನಾನು ಕುಡಿದೆ.